‘ಟರ್ನಿಂಗ್ ರೆಡ್’ ಸಿನಿಮಾ 8–9ನೇ ತರಗತಿ ಮಕ್ಕಳಿಗೆ, ಅವರ ತಾಯಂದಿರಿಗೆ ಕೂಡಿಸಿ ತೋರಿಸೋದು ಹ್ಯಾಂಗ?

ಗುಮ್ಮಟದೂರ ಟೀಚರ್ (ವಿಜಯಪುರ)

ನಮಸ್ಕಾರ್ರಿ. ವಿಜಯಪುರ ಹತ್ತಿರದ ಒಂದು ಪ್ರೌಢಶಾಲೆ. 8, 9ನೇ ತರಗತಿ ಸೇರಿ 62 ಮಕ್ಕಳು, ಅದರಾಗ 34 ಹುಡುಗ್ಯಾರು. ಇವರಿಗೆ ಪಿಕ್ಸಾರ್ ಕಂಪನಿಯ ಆ್ಯನಿಮೇಷನ್ ಸಿನಿಮಾ ‘ಟರ್ನಿಂಗ್ ರೆಡ್’ ತೋರಿಸಬೇಕು, ಆದ್ರ ತಾಯಂದಿರನ್ನೂ ಕೂಡಿಸಬೇಕು ಅಂತ ವಿಚಾರ ಅದ. ಸಿನಿಮಾ ಇಂಗ್ಲಿಷ್, ಮಕ್ಕಳು ಕನ್ನಡ ಮಾಧ್ಯಮ. ಸಿಗೋ ಹೊತ್ತು ಅಂದ್ರ ಶನಿವಾರ ಮುಂಜಾನಿ ಶಾಲಿ ಅಷ್ಟೇ. ತಗಡಿನ ಹಾಲ್, ನಾಕು ಕಿಡಕಿ, ಹಳೇ ಪ್ರೊಜೆಕ್ಟರ್, ಪ್ರಾರ್ಥನಾಕ್ಕ ಹಚ್ಚೋ ಆಂಪ್ಲಿಫೈಯರ್ ಅದಾವ.

ಎಲ್ಲೆಲ್ಲಿ ನಿಲ್ಲಿಸಿ ಕನ್ನಡದಾಗ ಹೇಳಬೇಕು? ಮುಟ್ಟಿನ ಪ್ಯಾಡಿನ ದೃಶ್ಯಕ್ಕ ಹುಡುಗರು ನಕ್ಕರ ಏನು ಮಾಡೋದು? ಕಾಯ್ದೆ ಪ್ರಕಾರ ಶಾಲ್ಯಾಗ ತೋರಿಸಬಹುದೋ ಇಲ್ಲೋ? ಮತ್ತ ದೊಡ್ಡ ಅಂಜಿಕಿ ಇದು: “ಅವ್ವನ ಮಾತು ಮೀರೋದು ಕಲಸ್ತೀರಿ” ಅಂತ ಪಾಲಕರು ತಕರಾರು ತಗದ್ರ ಏನು ಹೇಳಬೇಕು?

ಬಾದಾಮಿ ಕೆಂಪುಕಲ್ಲು

ಅಕ್ಕಾರ, ಈ ಸಿನಿಮಾ ಎರಡು ರೀತಿ ಕೆಡತೈತಿ. ಒಂದು, “ಮುಟ್ಟಿನ ಪಾಠ” ಅಂತ ತೋರಿಸಿದಾಗ. ಎರಡು, “ಮಗಳು ಗೆದ್ಳು, ಅವ್ವ ಸೋತ್ಳು” ಅಂತ ತೋರಿಸಿದಾಗ. ಎರಡೂ ಅಲ್ಲ ಇದು. ಅಜ್ಜಿ, ಅವ್ವ, ಮಗಳು ಮೂರು ತಲೆಮಾರಿನ ಕಥಿ.

2002ರ ಟೊರೊಂಟೊ. 13 ವರ್ಷದ ಮೇಯ್‌ಲಿನ್ ಲೀ. ಮನಿಯವರು ಪೂರ್ವಜರ ಗುಡಿ ನೋಡಿಕೊಂಡು ಹೋಗೋರು. ಅಭ್ಯಾಸದಾಗ ಮುಂದ, ಅವ್ವ ಮಿಂಗ್ ಹಾಕಿದ ಗೆರಿ ದಾಟದಾಕಿ. ಒಂದು ಮುಂಜಾನಿ ಎದ್ದು ನೋಡಿಕೊಂಡ್ರ ದೊಡ್ಡ ಕೆಂಪು ಪಾಂಡಾ. ಸಿಟ್ಟಾಗಲಿ, ನಾಚಿಕಿ ಆಗಲಿ, ಖುಷಿ ಆಗಲಿ, ತಡಕೊಳ್ಳಾಕ ಆಗದಂಗ ಉಕ್ಕಿತಂದ್ರ ಪಾಂಡಾ. ಮನಸ್ಸು ತಣ್ಣಗಾತಂದ್ರ ಮತ್ತ ಹುಡುಗಿ. ಮನಿತನದ ಹಿರಿಯಳು ಸುನ್ ಯೀ ಯುದ್ಧದ ಕಾಲದಾಗ ತನ್ನ ಹೆಣ್ಣುಮಕ್ಕಳನ್ನ ಕಾಯಾಕ ದೇವರ ಕಡಿಂದ ಬೇಡಿ ಪಡದ ವರ ಅದು. ಊರು ಬಿಟ್ಟು ಬ್ಯಾರೆ ದೇಶಕ್ಕ ಬಂದ ಮ್ಯಾಲ ಅದೇ ವರ ಮನಿಗೆ ತೊಡಕಾಗೈತಿ. ಕೆಂಪು ಚಂದ್ರನ ರಾತ್ರಿ ಪೂಜಾ ಮಾಡಿ ಪಾಂಡಾನ್ನ ಒಂದು ಒಡವಿಯೊಳಗ ಕಟ್ಟಿ ಹಾಕೋದು ರೂಢಿ. ಮಿಂಗ್, ಅಜ್ಜಿ, ಅತ್ತಿ-ಚಿಕ್ಕವ್ವಗೋಳು ಎಲ್ಲಾರೂ ಹಂಗೇ ಕಟ್ಟಿ ಹಾಕ್ಯಾರ. ಮನಿದೇವರ ಹರಕಿ, ಮನಿತನದ ನಡಾವಳಿ ಅಂದ್ರ ಏನಂತ ನಮ್ಮ ಕಡೆ ಮಕ್ಕಳಿಗೆ ಬಿಡಿಸಿ ಹೇಳೋದು ಬೇಕಾಗಿಲ್ಲ, ಇದು ಲಗೂನ ತಿಳೀತೈತಿ.

ನಿಲ್ಲಿಸೋ ಜಾಗಾ ನಿಮಿಷ ಎಣಿಸಿ ಇಡಬ್ಯಾಡ್ರಿ, ದೃಶ್ಯ ನೋಡಿ ಇಡ್ರಿ. ಶುರು ಆಗೂಕಿಂತ ಮೊದಲು ಎರಡು ನಿಮಿಷ: ಊರು ಯಾವುದು, ಮನಿಯಾಗ ಯಾರ್‍ಯಾರು ಅದಾರ, ಗೆಳತ್ಯಾರು ಮೂರು ಮಂದಿ (ಮಿರಿಯಮ್, ಪ್ರಿಯಾ, ಆ್ಯಬಿ), ಅವರಿಗೆ ಹುಚ್ಚು ಹಿಡಿಸಿದ ಹಾಡುಗಾರ ಹುಡುಗರ ತಂಡ. ಮುಂದ ಗುಡಿಯೊಳಗ ಮಿಂಗ್ ಸುನ್ ಯೀ ಕಥಿ ಹೇಳಿ ಮುಗಿಸಿದ ಕೂಡ್ಲೆ ಒಂದು ನಿಲುಗಡೆ. ಇಲ್ಲಿ ಮಾತು ತಪ್ಪಿದ್ರ ಉಳಿದ ಕಥಿಗೆ ಬುಡಾನೇ ಇರೂದಿಲ್ಲ.

100 ನಿಮಿಷದ ಸಿನಿಮಾ ಒಂದು ಶನಿವಾರದಾಗ ಮುಗಿಸಾಕ ಹೋಗಬ್ಯಾಡ್ರಿ. ಚರ್ಚಾಕ್ಕ ಹೊತ್ತು ಉಳಿಯಂಗಿಲ್ಲ. ಎರಡು ಶನಿವಾರ ಮಾಡ್ರಿ. ಸಿಟ್ಟು-ಖುಷಿ ತಡಕೊಳ್ತಾಳೋ ಇಲ್ಲೋ ಅಂತ ಅವ್ವ-ಅಪ್ಪ ಮೇಯ್‌ಗೆ ಪರೀಕ್ಷಾ ಇಡತಾರ, ಪೆಟ್ಟಿಗ್ಯಾಗಿನ ಬೆಕ್ಕಿನ ಮರಿ ತೋರಿಸ್ತಾರ. ಆ ದೃಶ್ಯ ಮುಗೀತಿದ್ದಂಗ ಮೊದಲನೇ ದಿನ ಮುಗಸ್ರಿ. ಮಕ್ಕಳು ನಕ್ಕೋತ ಮನಿಗೆ ಹೋಗ್ತಾರ, ಮುಂದೇನಾತು ಅನ್ನೋದು ವಾರಾಪೂರ್ತಿ ಕಾಡತೈತಿ.

ಎರಡನೇ ದಿನ ಒಂದೇ ಒಂದು ನಿಲುಗಡೆ, ಅಪ್ಪ ಜಿನ್ ಮಗಳ ಕೂಡ ಕುಂತು ಮಾತಾಡೋ ದೃಶ್ಯದ ನಂತರ. ಇಡೀ ಸಿನಿಮಾದಾಗ ಆ ಅಪ್ಪ ಕಡಿಮಿ ಮಾತಿನ ಮನಷ್ಯಾ. ಎಲ್ಲಾರ ಒಳಗೂ ಒಂದು ಗದ್ದಲದ ಮಗ್ಗಲ ಇರತೈತಿ, ಅದನ್ನ ಹೊರಗ ದಬ್ಬೋದಲ್ಲ, ಅದಕ್ಕೂ ಜಾಗಾ ಕೊಟ್ಟು ಬಾಳೋದು ಅನ್ನೋ ಅರ್ಥದ ಮಾತು ಹೇಳ್ತಾನ. ಗಂಡಹುಡುಗರಿಗೆ ಈ ಸಿನಿಮಾದೊಳಗ ಹೋಗಾಕ ಇದೇ ಬಾಗಲಾ.

ಬಿದಿರಿನ ಕಾಡಿನ ದೃಶ್ಯದಾಗ ಮಾತ್ರ ಕೈ ಹಚ್ಚಬ್ಯಾಡ್ರಿ. ಅಲ್ಲಿ ಮಿಂಗ್ ಸಣ್ಣ ಹುಡುಗಿ ಆಗಿ ಅಳಕೋತ ಕುಂತಿರತಾಳ, ತನ್ನ ಅವ್ವಗ ಪೆಟ್ಟು ಮಾಡಿದೆ ಅಂತ. ಮಗಳೇ ಅವ್ವನ ಕೈ ಹಿಡದು ನಡಸ್ತಾಳ. ಅಜ್ಜಿ ಹುಬ್ಬಿನ ಮ್ಯಾಲಿನ ಗಾಯದ ಕಲಿ ಎಲ್ಲಿಂದ ಬಂತು ಅಂತ ತಿಳಿಯೋದೂ ಆವಾಗ್ಲೇ. ಹಾಲ್‌ನ್ಯಾಗ ತಾಯಂದಿರು ಇದ್ರ ಆ ಹೊತ್ತಿಗೆ ಯಾವ ಕನ್ನಡ ವಿವರಣಾನೂ ಬೇಕಾಗಂಗಿಲ್ಲ.

ತಂತಿ ಮತ್ತು ಬೆಳಕು, ಬೆಳಗಾವಿ

ಸಲಕರಣೆ ಬಗ್ಗೆ ಹೇಳ್ತೀನಿ ಮೇಡಂ. ಮೊದಲ ಪೆಟ್ಟು ಬೀಳೋದು ಚಿತ್ರವೇ ಬರದೆ. ಹಳೇ ಪ್ರೊಜೆಕ್ಟರ್‌ಗೆ ನೀಲಿ ತಲೆಯ ವಿಜಿಎ ಕೇಬಲ್ ಇರುತ್ತೆ. ಓಟಿಟಿ (ಇಂಟರ್ನೆಟ್ ಮೂಲಕ ಸಿನಿಮಾ ತೋರಿಸೋ) ಆ್ಯಪ್‌ಗಳು ಎಚ್‌ಡಿಸಿಪಿ ಅನ್ನೋ ಕಾಪಿ ರಕ್ಷಣೆ ಇಟ್ಟಿರ್ತವೆ. ವಿಜಿಎ ಅಥವಾ ಅಗ್ಗದ ಕನ್ವರ್ಟರ್ ಮೂಲಕ ಹಾಕಿದರೆ ಧ್ವನಿ ಬರುತ್ತೆ, ಪರದೆ ಕಪ್ಪಾಗೇ ಇರುತ್ತೆ. ಮೊಬೈಲ್ ಪರದೆ ಮಿರರ್ ಮಾಡಿದರೂ ಬಹಳ ಸಲ ಇದೇ ಗತಿ. ಎಚ್‌ಡಿಎಂಐ (ಹೊಸ ಬಗೆಯ ಚಿತ್ರ-ಧ್ವನಿ ಕೇಬಲ್) ಹಾಕೋ ಜಾಗ ಇರೋ ಪ್ರೊಜೆಕ್ಟರ್ ತರಿಸಿ, ಹಿಂದಿನ ದಿನವೇ ಅದೇ ಕೇಬಲ್, ಅದೇ ಲ್ಯಾಪ್‌ಟಾಪ್, ಅದೇ ಖಾತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡ್ರಿ. ಬೇರೆ ಯಾವುದೋ ವಿಡಿಯೊ ಹಾಕಿ ನೋಡಿದರೆ ಪರೀಕ್ಷೆ ಆಗೋದಿಲ್ಲ, ಅದರಲ್ಲಿ ಆ ರಕ್ಷಣೆ ಇರಲ್ಲ.

62 ಮಕ್ಕಳಿಗೆ ಕನಿಷ್ಠ 8 ಅಡಿ ಅಗಲದ ಚಿತ್ರ ಬೇಕು. ಥ್ರೋ ಅನುಪಾತ (ಚಿತ್ರದ ಅಗಲದ ಎಷ್ಟು ಪಟ್ಟು ದೂರ ಇಡಬೇಕು ಅನ್ನೋ ಅಂಕಿ) 1.5 ಇರೋ ಪ್ರೊಜೆಕ್ಟರ್ ಆದರೆ ಪರದೆಯಿಂದ 12 ಅಡಿ ದೂರ ಇಡಬೇಕು. ಆ ಅಂಕಿ ಮ್ಯಾನ್ಯುಯಲ್‌ನಲ್ಲಿ ಸಿಗುತ್ತೆ. ಚಿತ್ರದ ಕೆಳ ಅಂಚು ನೆಲದಿಂದ ಮೂರೂವರೆ ಅಡಿ ಮೇಲೆ ಇರಲಿ. ಜಮಖಾನದ ಮೇಲೆ ಕೂತಾಗ ಮುಂದಿನವರ ತಲೆ ಸಬ್‌ಟೈಟಲ್ ಸಾಲನ್ನೇ ಮುಚ್ಚುತ್ತೆ, ಎಲ್ಲರೂ ಮರೆಯೋದು ಇದನ್ನೇ. ಕಿಡಕಿಗೆ ತೆಳು ಪರದೆ ಸಾಲದು. ತಾಡಪತ್ರಿ ಕಟ್ಟಿ, ಮೇಲಿನ ಸಂದಿಗೆ ಕಪ್ಪು ಡ್ರಾಯಿಂಗ್ ಹಾಳೆ ಅಂಟಿಸ್ರಿ. ಈ ಸಿನಿಮಾದ ಬಣ್ಣಗಳು ತಿಳಿ ಗುಲಾಬಿ, ತಿಳಿ ನೀಲಿ, ಸಣ್ಣ ಬೆಳಕು ಬಿದ್ದರೂ ಬೆಳ್ಳಗೆ ತೊಳೆದುಹೋಗ್ತವೆ. ತಾಡಪತ್ರಿ ಕಟ್ಟಿದರೆ ಸೆಕೆ ಏರುತ್ತೆ, ಹಾಗಾಗಿ ಮುಂಜಾನೆ ಎಂಟಕ್ಕೇ ಶುರು ಮಾಡೋದು ಒಳ್ಳೇದು.

ಧ್ವನಿಗೆ ಭೋಂಗಾ ಬೇಡವೇ ಬೇಡ. ಅದು ದೂರಕ್ಕೆ ಕೂಗೋ ಸಾಧನ, ಅದರಲ್ಲಿ ಹಾಡು, ಪಿಸುಮಾತು ಎಲ್ಲಾ ಸತ್ತುಹೋಗುತ್ತೆ. ಎರಡು ಬಾಕ್ಸ್ ಸ್ಪೀಕರ್ ತಂದು ಪರದೆಯ ಎರಡೂ ಬದಿ, ಕೂತ ಮಕ್ಕಳ ಕಿವಿಗಿಂತ ಒಂದಡಿ ಎತ್ತರಕ್ಕೆ ಇಡ್ರಿ. ತಗಡಿನ ಛಾವಣಿಯ ಪ್ರತಿಧ್ವನಿ ತಗ್ಗಬೇಕಾದರೆ ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ಎರಡು ಕೌದಿ ತೂಗುಹಾಕಿದರೆ ಸಾಕು. ಬಾಸ್ ತಗ್ಗಿಸ್ರಿ. ಗುಂಯ್ ಅನ್ನೋ ಸದ್ದು ಬಂದರೆ ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆದರೂ ಹೋಗಲಿಲ್ಲ ಅಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸ್ರಿ.

ಕರೆಂಟ್ ಹೋಗೋದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕು. ಲ್ಯಾಂಪ್ ಪ್ರೊಜೆಕ್ಟರ್ ದಿಢೀರ್ ಆರಿದರೆ ಫ್ಯಾನೂ ನಿಲ್ಲುತ್ತೆ, ಬಿಸಿ ಒಳಗೇ ಉಳಿದು ಲ್ಯಾಂಪಿನ ಆಯಸ್ಸು ಕಡಿಮೆ ಆಗುತ್ತೆ. 1000 ವಿಎ ಯುಪಿಎಸ್ ಒಂದಿದ್ದರೆ ಐದು ನಿಮಿಷವಾದರೂ ಸಿಗುತ್ತೆ. ಅಷ್ಟರಲ್ಲಿ ಲ್ಯಾಂಪ್ ಆರಿಸಿ ಫ್ಯಾನ್ ತಣ್ಣಗಾಗಲು ಬಿಡ್ರಿ. ಆಂಪ್ಲಿಫೈಯರನ್ನು ಆ ಯುಪಿಎಸ್‌ಗೆ ಹಾಕಬೇಡ್ರಿ.

ಕಾಯ್ದೆ ವಿಚಾರ: ಕೃತಿಸ್ವಾಮ್ಯ ಕಾಯ್ದೆ 1957ರ 52(1)ನೇ ಕಲಂನಲ್ಲಿ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸೋದಕ್ಕೆ ವಿನಾಯಿತಿ ಇದೆ. ನೋಡುಗರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಇರಬೇಕು. ತಾಯಂದಿರು ಇದರೊಳಗೆ ಬರ್ತಾರೆ. ಊರವರನ್ನೆಲ್ಲ ಕರೆದರೆ ವಿನಾಯಿತಿ ಇಲ್ಲ. ಇನ್ನೊಂದು, ಓಟಿಟಿ ಚಂದಾದ ಕರಾರು ಬೇರೆ, ಅದು ಸಾಮಾನ್ಯವಾಗಿ ಖಾಸಗಿ ವೀಕ್ಷಣೆಗೆ ಕೊಟ್ಟಿದ್ದು. ಮುಖ್ಯ ಗುರುಗಳ ಸಹಿಯಲ್ಲಿ ಕಂಪನಿಗೆ ಇಮೇಲ್ ಬರೆದು, ತಾರೀಖು, ಎಷ್ಟು ಮಂದಿ, ಟಿಕೆಟ್ ಇಲ್ಲ ಅನ್ನೋದನ್ನ ತಿಳಿಸಿ ಒಪ್ಪಿಗೆ ಕೇಳ್ರಿ.

ಕಿಶೋರಿ ಆರೋಗ್ಯ (ಬಾಗಲಕೋಟೆ)

ಪ್ಯಾಡಿನ ದೃಶ್ಯದಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ಮೊದಲು ಗಮನಿಸಿ. ಮೇಯ್ ಪಾಂಡಾ ಆಗಿ ಬಚ್ಚಲುಮನೆಯಲ್ಲಿ ಅಡಗಿರುತ್ತಾಳೆ. ಮಗಳು ದೊಡ್ಡವಳಾದಳು ಎಂದು ಮಿಂಗ್ ತಪ್ಪು ತಿಳಿಯುತ್ತಾಳೆ. ಆಮೇಲೆ ಶಾಲೆಗೇ ಬಂದು ಕಿಟಕಿಯ ಹೊರಗಿನಿಂದ ಎಲ್ಲರಿಗೂ ಕಾಣುವಂತೆ ಪ್ಯಾಡ್ ಎತ್ತಿ ಹಿಡಿಯುತ್ತಾಳೆ. ಮಕ್ಕಳು ನಗುವುದು ಪ್ಯಾಡಿಗಲ್ಲ, ಅವಳ ಅವಮಾನಕ್ಕೆ. ಹಾಗಾಗಿ ನಗು ಬಂದಾಗ ಸಿನಿಮಾ ನಿಲ್ಲಿಸಿ ಗದರಿಸಬೇಡಿ. ನಿಲ್ಲಿಸಿದ ಕ್ಷಣವೇ ಎಲ್ಲರ ಕಣ್ಣು ಹಾಲ್‌ನಲ್ಲಿರುವ ಹುಡುಗಿಯರ ಕಡೆ ಹೊರಳುತ್ತದೆ.

ನಗುವನ್ನು ತಗ್ಗಿಸುವ ಕೆಲಸ ಹಿಂದಿನ ವಾರವೇ ಆಗಬೇಕು. 8ನೇ ತರಗತಿಯ ಹೊತ್ತಿಗೆ ಹೆಚ್ಚಿನ ಹುಡುಗಿಯರು ಮೈನೆರೆದಿರುತ್ತಾರೆ, ಆದರೆ ಕಾರಣ ಗೊತ್ತಿರುವುದಿಲ್ಲ. ಹುಡುಗಿಯರಿಗೆ 40 ನಿಮಿಷದ ಬೇರೆ ಅವಧಿ ಇಟ್ಟು ಆರೋಗ್ಯ ಕಾರ್ಯಕರ್ತೆಯನ್ನು ಕರೆಸಿ. ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು, ತುಂಬದಿದ್ದರೂ ಸರಿ. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ಹಿಂದೆ ಮುಂದೆ ಆಗುವುದು ಸಹಜ. ಒಂದೆರಡು ಗಂಟೆಗೇ ಪ್ಯಾಡ್ ಪೂರಾ ನೆನೆದರೆ, ಎಂಟು ದಿನಕ್ಕೂ ಹೆಚ್ಚು ಸ್ರಾವ ಇದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಹುಡುಗರಿಗೂ ಅದೇ ದಿನ ಅಷ್ಟೇ ಹೊತ್ತಿನ ಅವಧಿ ಇರಲಿ: ಗಂಟಲು ಒಡೆಯುವುದು, ಬೆವರು, ಸಿಟ್ಟು, ಮತ್ತು ಮುಟ್ಟು ಎಂದರೇನು ಎಂಬುದನ್ನು ನೇರ ಮಾತಿನಲ್ಲಿ ಹೇಳಿ. ಸಿನಿಮಾವನ್ನು ಮಾತ್ರ ಒಟ್ಟಿಗೇ ತೋರಿಸಿ.

ಪ್ರಶ್ನೆಗೆ ಚೀಟಿ ಪೆಟ್ಟಿಗೆ ಇಡುವಾಗ ಒಂದು ಎಚ್ಚರ. ಬೇಕಾದವರು ಬರೆಯಿರಿ ಎಂದರೆ ಬರೆಯುವವರು ಯಾರೆಂದು ಎಲ್ಲರಿಗೂ ಕಾಣುತ್ತದೆ. 62 ಮಕ್ಕಳಿಗೂ ಒಂದೇ ಅಳತೆಯ ಚೀಟಿ, ಪೆನ್ಸಿಲ್ ಕೊಟ್ಟು, ಪ್ರಶ್ನೆ ಇಲ್ಲದವರು “ಏನೂ ಇಲ್ಲ” ಎಂದಾದರೂ ಬರೆದು ಹಾಕಲಿ. ಅಲ್ಲೇ ತೆರೆದು ಓದಬೇಡಿ. ಮನೆಯಲ್ಲಿ ವಿಂಗಡಿಸಿ ಮುಂದಿನ ವಾರ ಉತ್ತರಿಸಿ. ಹೊಡೆತ, ಕೆಟ್ಟ ಸ್ಪರ್ಶ, ಹತ್ತನೇ ತರಗತಿ ಮುಗಿಯುತ್ತಲೇ ಮದುವೆ, ಇಂಥದ್ದು ಬರೆದ ಚೀಟಿ ಬಂದರೆ ತರಗತಿಯಲ್ಲಿ ಅದರ ಸುಳಿವೂ ಕೊಡಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡುವುದು ಕಡ್ಡಾಯ, ಶಿಕ್ಷಕರ ಇಷ್ಟಕ್ಕೆ ಬಿಟ್ಟದ್ದಲ್ಲ. ಮನಸ್ಸಿನ ಒತ್ತಡಕ್ಕೆ ಟೆಲಿ ಮಾನಸ್ 14416 ಸಂಖ್ಯೆಯನ್ನು ಹಲಗೆ ಮೇಲೆ ಬರೆದಿಡಿ.

ಚಿತ್ರಪಟ (ಜಮಖಂಡಿ)

ಚರ್ಚಾ ಒಂದೇ ಬ್ಯಾಡ್ರಿ, ಮಕ್ಕಳ ಕೈಗೆ ಕೆಲಸ ಕೊಡ್ರಿ. ಸಿನಿಮಾದಾಗ ಮೇಯ್ ಕಣ್ಣು ದೊಡ್ಡು ಆಗಿ ಮಿಂಚೋದು, ಮಾರಿ ಒಮ್ಮಿಗಲೇ ಅಗಲ ಆಗೋದು ಜಪಾನಿ ಆ್ಯನಿಮೆ (ಅಲ್ಲಿನ ಕಾರ್ಟೂನ್ ಸಿನಿಮಾ) ರೀತಿ. ನಿರ್ದೇಶಕಿ ಡೋಮೀ ಶೀ ಅದನ್ನ ಬೇಕಂತಲೇ ತಂದಾರ, ಯಾಕಂದ್ರ ಆ ವಯಸ್ಸಿನಾಗ ಭಾವನಾ ಅಷ್ಟೇ ಜೋರು ಇರತಾವ. ಮೊದಲನೇ ಶನಿವಾರ ಆದ ಮ್ಯಾಲ ಪುಟ ಹಾರಿಸೋ ಚಿತ್ರಪುಸ್ತಕ ಮಾಡಸ್ರಿ: ಹುಡುಗಿ ಪಾಂಡಾ ಆಗೋದು, 24 ಪುಟ. ಸೆಕೆಂಡಿಗೆ 12 ಚಿತ್ರ ಅಂತ ಹಿಡಿದ್ರ ಎರಡು ಸೆಕೆಂಡಿನ ಆಟ.

ಅಂಗೈ ಅಳತಿ ಗಟ್ಟಿ ಹಾಳಿ ತಗೊಂಡು ಎಡಕ್ಕ ಎರಡು ಪಿನ್ ಹೊಡೀರಿ. ಪಿನ್ ಕಡೆ ಎರಡು ಇಂಚು ಖಾಲಿ ಬಿಟ್ಟು ಬಲಕ್ಕ ಅಷ್ಟೇ ಬರೀಬೇಕು, ಹಾರಿಸುವಾಗ ಎಡ ಭಾಗ ಕಾಣಂಗಿಲ್ಲ. ಕೊನೀ ಪುಟದಿಂದ ಶುರು ಮಾಡಿದ್ರ ಕೆಳಗಿನ ಚಿತ್ರ ಮ್ಯಾಲಿನ ಹಾಳ್ಯಾಗ ತುಸು ಮೂಡಿ ಕಾಣತೈತಿ, ಅದನ್ನ ನೋಡಿ ಬರಿಯೋದು ಸಸಾರ. ಬದಲಾವಣಿ ಸಮ ಸಮ ಹಂಚಿದ್ರ ಸಪ್ಪಗಾಕ್ಕೈತಿ. ಆರು ಪುಟ ಹುಡುಗಿ ಉಸಿರು ಬಿಗಿ ಹಿಡಿದು ಸಣ್ಣಗಾಗಲಿ, ಮುಂದ ಎರಡೇ ಪುಟದಾಗ ಢಬ್ ಅಂತ ಪಾಂಡಾ ಆಗಲಿ, ಉಳಿದ ಪುಟದಾಗ ರೋಮ ಅಲುಗಾಡಿ ನಿಲ್ಲಲಿ. ಉಸಿರು ಹಿಡಿದ ಆ ಆರು ಪುಟ ಇಲ್ಲದಿದ್ರ ಢಬ್ ಅನ್ನೋದಕ್ಕ ಜೀವ ಬರಂಗಿಲ್ಲ.

ಗುಮ್ಮಟದೂರ ಟೀಚರ್ (ವಿಜಯಪುರ)

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಎರಡು ಶನಿವಾರ ಅಂತ ಗಟ್ಟಿ ಮಾಡೇವಿ. “ಮಾತು ಮೀರೋದು ಕಲಸ್ತೀರಿ” ಅನ್ನೋದಕ್ಕ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ಎಷ್ಟೋ ತಾಯಂದಿರಿಗೆ ಓದಾಕ ಬರೆಯಾಕ ಬರಂಗಿಲ್ಲ, ಅವರನ್ನ ಮಾತಿಗೆ ಎಳಿಯೋದು ಹ್ಯಾಂಗ?

ಬಾದಾಮಿ ಕೆಂಪುಕಲ್ಲು

ತಕರಾರು ಬಂದ್ರ ಮುಚ್ಚಿಡಬ್ಯಾಡ್ರಿ ಅಕ್ಕಾರ. ಮೇಯ್ ಸುಳ್ಳು ಹೇಳ್ತಾಳ, ಅದು ಖರೇ. ಆ ಹಾಡುಗಾರ ಹುಡುಗರ ತಂಡದ ಕಾರ್ಯಕ್ರಮಕ್ಕ ಒಂದೊಂದು ಟಿಕೆಟ್ಟಿಗೆ 200 ಡಾಲರ್, ನಾಕು ಟಿಕೆಟ್. ಅದಕ್ಕಾಗಿ ಮನಿಗೆ ಗೊತ್ತಿಲ್ಲದಂಗ ಪಾಂಡಾ ಆಗಿ ಫೋಟೊ ತಗಸಿಕೊಂಡು ರೊಕ್ಕ ಕೂಡಸ್ತಾಳ. ಸಿಕ್ಕಿಬಿದ್ದಾಗ ಅವ್ವ ಗೆಳತ್ಯಾರನ್ನ ಬೈದ್ರ ತುಟಿ ಬಿಚ್ಚಂಗಿಲ್ಲ. ಸಿನಿಮಾ ಆ ತಪ್ಪನ್ನ ತಪ್ಪು ಅಂತಲೇ ತೋರಸ್ತೈತಿ, ಆಕಿ ಗೆಳತ್ಯಾರ ಮುಂದ ನಿಂತು ತಪ್ಪಾತು ಅಂತಾಳ. ಪಾಲಕರಿಗೆ ಈ ದೃಶ್ಯ ಮೊದಲೇ ಹೇಳಿಬಿಟ್ರ ಅರ್ಧ ಸಿಟ್ಟು ಇಳೀತೈತಿ.

ಇನ್ನ ಮಾತು ಮೀರೋದು ಅಂತೀರಿ. ಬಸವನ ಬಾಗೇವಾಡಿ ನಿಮ್ಮ ಜಿಲ್ಲಾದಾಗೇ ಐತಿ. ಅಕ್ಕಗ ಇಲ್ಲದ ಜನಿವಾರ ನನಗೂ ಬ್ಯಾಡ ಅಂತ ಸಣ್ಣ ಹುಡುಗ ಮನಿ ಬಿಟ್ಟು ಕೂಡಲಸಂಗಮಕ್ಕ ಹೋದ ಕಥಿ ಎಲ್ಲಾ ತಾಯಂದಿರಿಗೂ ಬರತೈತಿ. ಆದ್ರ ಅದನ್ನ ನೀವಾಗೇ ತಗದು ವಾದಾ ಗೆಲ್ಲಾಕ ಬಳಸಬ್ಯಾಡ್ರಿ. ತಾಯಂದಿರೇ ನೆನಪು ಮಾಡಿದ್ರ ಆವಾಗ ಮುಂದುವರಸ್ರಿ.

ಬರೆಯಾಕ ಬರದವರಿಗೆ ಜ್ವಾಳದ ಕಾಳು ಹಿಡೀರಿ. ಆರು ವಾಟಗಾ, ಒಂದೊಂದರ ಮುಂದ ಒಂದು ಚಿತ್ರ: ಓದು, ನೌಕರಿ, ಮದಿವಿ, ಆಟ-ಹಾಡು, ಗೆಳತ್ಯಾರು, ಮನಿಗೆಲಸ. ಪ್ರತಿಯೊಬ್ಬ ತಾಯಿಗೂ ಐದು ಕಾಳು. ಮೊದಲನೇ ಸುತ್ತಿಗೆ “ನಿಮ್ಮ ಮಗಳಿಂದ, ಮಗನಿಂದ ನೀವು ಏನು ಬಯಸ್ತೀರಿ?” ಎರಡನೇ ಸುತ್ತಿಗೆ ವಾಟಗಾ ಖಾಲಿ ಮಾಡಿ, “13 ವರ್ಷಕ್ಕ ನಿಮಗ ಏನು ಬೇಕಾಗಿತ್ತು?” ವಾಟಗಾ ಪರದೆ ಹಿಂದ ಇರಬೇಕು, ಒಬ್ಬೊಬ್ಬರೇ ಹೋಗಬೇಕು. ಅತ್ತಿ-ಸೊಸಿ ಕೂಡಿ ಬಂದಿದ್ರ ಎದುರಿಗೆ ಯಾರೂ ಮನಸ್ಸಿನಾಗಿಂದು ಹಾಕಂಗಿಲ್ಲ. ಮಕ್ಕಳೂ ಅವೇ ಆರು ವಾಟಗಾಕ್ಕ ಬ್ಯಾರೆ ಹಾಲ್‌ನ್ಯಾಗ ಹಾಕಲಿ. ಕಡೀಕ ಮೂರೂ ಲೆಕ್ಕ ಹಲಗಿ ಮ್ಯಾಲ ಮಗ್ಗಲ ಮಗ್ಗಲಕ ಬರೀರಿ, ಯಾರ ಹೆಸರೂ ಬ್ಯಾಡ.

ಹೊತ್ತು ಕಡಿಮಿ ಬಿದ್ರ ಮೊದಲನೇ ಸುತ್ತು ಬಿಡ್ರಿ, ಎರಡನೇದು ಬಿಡಬ್ಯಾಡ್ರಿ. ಬಿದಿರಿನ ಕಾಡಿನ ದೃಶ್ಯ ನೋಡಿದ ಮ್ಯಾಲ ತಾಯಂದಿರಿಗೆ ಕೇಳಬೇಕಾದ ಪ್ರಶ್ನೆ ಅದೇ.