ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಸೈನಿಕ ತಮ್ಮನ ಫೋಟೊ ಹಾಕಿದ್ದಕ್ಕೆ ಎಚ್‌ಆರ್ ಆಕ್ಷೇಪ: ನಾನು ಮಾಡಿದ್ದು ತಪ್ಪೇ?

ಮೂರನೇ ಪಾಳಿ, ಕೊಪ್ಪಳ

ಮಾನ್ಯರೇ,

ಕೊಪ್ಪಳ ತಾಲ್ಲೂಕಿನ ಒಂದು ಉಕ್ಕಿನ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ತಮ್ಮ ಸೇನೆಯಲ್ಲಿದ್ದಾನೆ. ಕಳೆದ ತಿಂಗಳು ಅವನು ರಜೆ ಮುಗಿಸಿ, ತನ್ನ ಪೋಸ್ಟ್ ತಲುಪಿದ ಮೇಲೆ ಕಳುಹಿಸಿದ ಫೋಟೊವನ್ನು ನಮ್ಮ ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಇಂಥವರ ಎಚ್ಚರದಿಂದಲೇ ನಮಗೆ ನಿದ್ದೆ ಎಂದು ಎರಡು ಸಾಲು ಬರೆದೆ. ಅದಕ್ಕೂ ಮೊದಲೇ ನನ್ನ ಆಫೀಸ್ ಇ-ಮೇಲಿನ ಸಹಿಯ ಕೆಳಗೆ ‘ಜೈ ಜವಾನ್’ ಎಂದು ಸೇರಿಸಿಕೊಂಡಿದ್ದೆ, ಹೆಲ್ಮೆಟ್ಟಿನ ಮೇಲೂ ತ್ರಿವರ್ಣದ ಮೇಲೆ ಅದೇ ಮಾತು ಅಚ್ಚಾದ ಒಂದು ಸ್ಟಿಕ್ಕರ್ ಅಂಟಿಸಿದ್ದೆ.

ಕಂಪನಿಯ ಮಾಧ್ಯಮಗಳಲ್ಲಿ ಕೆಲಸಕ್ಕೆ ಸಂಬಂಧಿಸದ ಯಾವ ವಿಷಯವನ್ನೂ ಹಾಕಬಾರದೆಂಬ ನಿಯಮವನ್ನು ತೋರಿಸಿ, ಈ ಮೂರನ್ನೂ ಎರಡು ದಿನಗಳೊಳಗೆ ತೆಗೆಯಬೇಕೆಂದು ಎಚ್‌ಆರ್ ವಿಭಾಗದವರು ಲಿಖಿತವಾಗಿ ತಿಳಿಸಿದ್ದಾರೆ. ನನಗೆ ನೋವಾದದ್ದು ನಿಯಮದಿಂದಲ್ಲ. ಭಾರತ ತಂಡ ಕ್ರಿಕೆಟ್ ಗೆದ್ದ ರಾತ್ರಿ ಇದೇ ಗುಂಪಿನಲ್ಲಿ ನಲವತ್ತಕ್ಕೂ ಹೆಚ್ಚು ಅಭಿನಂದನೆಗಳು ಬಂದವು. ಅವು ಇಂದಿಗೂ ಅಲ್ಲೇ ಇವೆ, ಯಾರೂ ಏನೂ ಹೇಳಲಿಲ್ಲ. ಈ ವಿಷಯವನ್ನು ಮನೆಯಲ್ಲಿ ಅವ್ವನಿಗೆ ಹೇಳಿಲ್ಲ. ಹೇಳಿದರೆ ಆಕೆ ಕೇಳುವ ಮೊದಲ ಪ್ರಶ್ನೆಗೇ ನನ್ನಲ್ಲಿ ಉತ್ತರವಿಲ್ಲ. ಸಂವಿಧಾನ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯ ಕಾರ್ಖಾನೆಯ ಗೇಟಿನ ಒಳಗೆ ಇರುವುದಿಲ್ಲವೇ? ನಾನು ತೆಗೆಯದಿದ್ದರೆ ಅವರು ಏನು ಮಾಡಬಲ್ಲರು? ತಿಳಿದವರು ದಯವಿಟ್ಟು ಬರೆಯಬೇಕು.

ಕೋಟೆ ಬಾಗಿಲು, ರಾಯಚೂರು

ತೆಗೆಯಬೇಡಿರಿ. ಕಾರ್ಖಾನೆಯ ಆವರಣದಲ್ಲಿ ರಾಷ್ಟ್ರಧ್ವಜ ಹಾರಿಸುವ ಹಕ್ಕಿಗಾಗಿ ಉದ್ಯಮಿ ನವೀನ್ ಜಿಂದಾಲ್ ಅವರು ನಡೆಸಿದ ಮೊಕದ್ದಮೆಯಲ್ಲಿ, ಗೌರವದಿಂದ ಧ್ವಜ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯ ಅಡಿಯಲ್ಲಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿಯೇ ಹೇಳಿದೆ. ಧ್ವಜಕ್ಕೆ ಇರುವ ಹಕ್ಕು ಸೈನಿಕನಿಗೆ ಜೈ ಎನ್ನುವುದಕ್ಕೆ ಇಲ್ಲವೇ? ತೀರ್ಪಿನ ಪ್ರತಿಯನ್ನು ಎಚ್‌ಆರ್‌ ಅವರ ಮೇಜಿನ ಮೇಲೆ ಇಟ್ಟು ಬನ್ನಿರಿ.

ಕರಿಕೋಟು, ಬಳ್ಳಾರಿ

ರಾಯಚೂರಿನ ಗೆಳೆಯರು ತೀರ್ಪನ್ನು ಸರಿಯಾಗಿಯೇ ನೆನಪಿಸಿದ್ದಾರೆ, ಆದರೆ ಅದು ಈ ಪ್ರಶ್ನೆಗೆ ಹೊಂದುವುದಿಲ್ಲ. ರಾಯಗಢದ ಆ ಕಾರ್ಖಾನೆಯಲ್ಲಿ ಧ್ವಜ ಹಾರಿಸಿದವರು ಅದನ್ನು ನಡೆಸುತ್ತಿದ್ದವರೇ, ತಡೆದದ್ದು ಸರ್ಕಾರ. ಹತ್ತೊಂಬತ್ತನೆಯ ವಿಧಿ ಸರ್ಕಾರದ ಕೈ ಕಟ್ಟುತ್ತದೆಯೇ ಹೊರತು, ಖಾಸಗಿ ಕಂಪನಿಯೊಂದು ತನ್ನ ಇ-ಮೇಲಿನಲ್ಲಿ ಏನಿರಬೇಕು ಎಂದು ನಿರ್ಧರಿಸುವುದನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಆ ತೀರ್ಪನ್ನು ಮೇಜಿನ ಮೇಲೆ ಇಟ್ಟರೆ ಎಚ್‌ಆರ್‌ನವರು ಒಂದು ಕಪ್ ಚಹಾ ಕೊಟ್ಟು ಕಳುಹಿಸಬಹುದು, ಅಷ್ಟೇ.

ನೀವು ಮೂರನ್ನೂ ಒಂದೇ ಎಂದು ಭಾವಿಸಿದ್ದೀರಿ. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ. ಇ-ಮೇಲಿನ ಸಹಿ ಎಂದರೆ ಕಂಪನಿಯ ಲೆಟರ್‌ಹೆಡ್ ಇದ್ದಂತೆ. ಅದರ ಕೆಳಗಿನ ಮಾತು, ಎಷ್ಟೇ ಒಳ್ಳೆಯದಾಗಿರಲಿ, ಕಂಪನಿ ಆಡಿದ ಮಾತಾಗಿಯೇ ಹೊರಗೆ ಹೋಗುತ್ತದೆ. ಅದನ್ನು ವಾದವಿಲ್ಲದೆ ತೆಗೆಯಿರಿ. ಹೆಲ್ಮೆಟ್ಟಿನದು ಸುರಕ್ಷತೆಯ ಮಾತು. ಐಎಸ್ 2925 (ಕೈಗಾರಿಕಾ ಹೆಲ್ಮೆಟ್ಟಿನ ಭಾರತೀಯ ಮಾನದಂಡ) ಗುರುತಿನ ಹೆಲ್ಮೆಟ್ಟಿನ ಚಿಪ್ಪಿನಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಿಕೊಳ್ಳುತ್ತಿರಬೇಕು. ಸ್ಟಿಕ್ಕರ್ ಆ ಬಿರುಕನ್ನು ಮುಚ್ಚುತ್ತದೆ, ಕೆಲವು ಅಂಟುಗಳು ಪ್ಲಾಸ್ಟಿಕ್ಕನ್ನೇ ಕೆಡಿಸುತ್ತವೆ. ಇನ್ನೂ ಒಂದು ಮಾತನ್ನು ಬೇಸರಿಸದೆ ಕೇಳಬೇಕು. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971 ರಾಷ್ಟ್ರಧ್ವಜದ ಮೇಲೆ ಬರಹವನ್ನು ಮೂಡಿಸುವುದನ್ನು ಅಗೌರವವೆಂದು ಪರಿಗಣಿಸುತ್ತದೆ, ಧ್ವಜದ ಚಿತ್ರವನ್ನೂ ಧ್ವಜದೊಳಗೆ ಸೇರಿಸುತ್ತದೆ. ನಿಮ್ಮ ಸ್ಟಿಕ್ಕರಿನಲ್ಲಿ ಅಶೋಕ ಚಕ್ರವೂ ಇದ್ದು ಅದು ಧ್ವಜವೇ ಆಗಿದ್ದರೆ, ಅದರ ಮೇಲೆ ಅಕ್ಷರ ಇರಬಾರದಿತ್ತು. ಇದಕ್ಕಾಗಿ ನಿಮ್ಮ ಮೇಲೆ ಯಾರೂ ದೂರು ಕೊಡಲಾರರು, ಆದರೆ ಗೌರವದ ಹೆಸರಿನಲ್ಲಿ ವಾದ ಮಾಡಲು ಹೊರಟವರ ಕೈಯಲ್ಲಿ ಇಂಥ ಸ್ಟಿಕ್ಕರ್ ಇರಬಾರದು.

ಉಳಿದದ್ದು ವಾಟ್ಸಾಪ್ ಗುಂಪು. ಇಲ್ಲಿ ಮಾತ್ರ ನಿಮ್ಮ ದೂರಿನಲ್ಲಿ ಹುರುಳಿದೆ. ಕ್ರಿಕೆಟ್ ಕೂಡ ಕೆಲಸಕ್ಕೆ ಸಂಬಂಧಿಸಿದ ವಿಷಯವಲ್ಲ. ಒಂದಕ್ಕೆ ಕಣ್ಣು ಮುಚ್ಚಿ ಮತ್ತೊಂದಕ್ಕೆ ನೋಟಿಸ್ ಕೊಡುವುದು ಸರಿಯಲ್ಲವೆಂದು ನೀವು ಬರಹದಲ್ಲಿಯೇ ಕೇಳಿರಿ. ಆದರೆ ಮೊದಲು ಆದೇಶವನ್ನು ಪಾಲಿಸಿ, ಆಮೇಲೆ ಕೇಳಿರಿ. ಮೇಲಧಿಕಾರಿಯ ನ್ಯಾಯಬದ್ಧ ಆದೇಶವನ್ನು ಬೇಕೆಂದೇ ಮೀರುವುದನ್ನು ಸ್ಥಾಯಿ ಆದೇಶಗಳು, ಅಂದರೆ ಕಾರ್ಖಾನೆಯ ನೌಕರಿಯ ನಿಯಮಗಳು, ದುರ್ನಡತೆಯ ಪಟ್ಟಿಯಲ್ಲಿ ಇಟ್ಟಿರುತ್ತವೆ. ಆಗಲೂ ನೋಟಿಸ್ ಮತ್ತು ವಿಚಾರಣೆ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಶಿಕ್ಷೆ ಕೊಟ್ಟರೆ ಕಾರ್ಮಿಕ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ನಿಮ್ಮ ಸ್ವಂತ ಫೋನಿನ ಸ್ಟೇಟಸ್ಸಿಗೆ ಈ ನಿಯಮ ತಾಗುವಂತೆ ನನಗೆ ಕಾಣುವುದಿಲ್ಲ.

ಹಂಪಿ ರಸ್ತೆ, ಹೊಸಪೇಟೆ

ನಾನು ಈ ಭಾಗದ ಬೇರೊಂದು ಕಾರ್ಖಾನೆಯಲ್ಲಿ ಆರು ವರ್ಷ ಎಚ್‌ಆರ್ ಕೆಲಸ ಮಾಡಿದವಳು. ಇಂಥ ನೋಟಿಸುಗಳಿಗೆ ನಾನೇ ಸಹಿ ಹಾಕಿದ್ದೇನೆ, ಆದ್ದರಿಂದ ಆ ಮೇಜಿನ ಆಚೆಗೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ.

ನಮ್ಮಲ್ಲಿ ಮೊದಲು ಇಂಥ ನಿಯಮವೇ ಇರಲಿಲ್ಲ. ಗಡಿಯಲ್ಲಿ ಉದ್ವಿಗ್ನತೆಯಿದ್ದ ಒಂದು ವಾರದಲ್ಲಿ, ಒಬ್ಬ ಫಿಟ್ಟರ್ ಸೈನಿಕರಿಗೆ ವಂದನೆ ಎಂದು ಗುಂಪಿನಲ್ಲಿ ಬರೆದರು. ಅದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ನಾನೂ ಕೈ ಮುಗಿದ ಚಿತ್ರವೊಂದನ್ನು ಹಾಕಿದೆ. ಸಂಜೆಯ ಹೊತ್ತಿಗೆ ಎಲ್ಲಿಂದಲೋ ಬಂದ ವಿಡಿಯೊಗಳು ಶುರುವಾದವು. ರಾತ್ರಿ ಪಾಳಿಯ ಹೊತ್ತಿಗೆ ಒಬ್ಬರು, ಹೆಸರು ಹಿಡಿದೇ, ಇಂಥವರು ಇನ್ನೂ ಯಾಕೆ ಏನೂ ಬರೆದಿಲ್ಲ ಎಂದು ಕೇಳಿದರು. ಹಾಗೆ ಕೇಳಿಸಿಕೊಂಡವರು ಕ್ರೇನ್ ಆಪರೇಟರ್, ಆ ಹೊತ್ತಿನಲ್ಲಿ ಕ್ಯಾಬಿನ್ನಿನಲ್ಲಿದ್ದರು, ಫೋನ್ ಲಾಕರಿನಲ್ಲಿತ್ತು. ಪಾಳಿ ಮುಗಿಸಿ ಇಳಿದು ಬಂದು ನೋಡಿದಾಗ ಅವರ ಮೌನದ ಬಗ್ಗೆ ಮೂವತ್ತು ಮಾತುಗಳು ಆಗಿಹೋಗಿದ್ದವು. ಮರುದಿನ ಅವರು ನನ್ನ ಎದುರು ಕುಳಿತು, ತಮ್ಮ ತಂದೆಯೂ ಸೇನೆಯಲ್ಲಿದ್ದವರೆಂದು ಹೇಳಿದರು. ಅದನ್ನು ಹೇಳಬೇಕಾಗಿ ಬಂದದ್ದೇ ಅವರಿಗೆ ಅವಮಾನವಾಗಿತ್ತು.

ಆ ವಾರವೇ ನಾವು ನಿಯಮ ಮಾಡಿದೆವು. ಒಬ್ಬರು ಪ್ರೀತಿಯಿಂದ ಆಡಿದ ಮಾತು ಗುಂಪಿನಲ್ಲಿ ಬಿದ್ದೊಡನೆ ಉಳಿದವರಿಗೆ ಹಾಜರಿ ಪುಸ್ತಕವಾಗಿಬಿಡುತ್ತದೆ. ಯಾವ ಮಾತು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ದಿನವೂ ತೂಗುತ್ತ ಕೂರಲು ಎಚ್‌ಆರ್‌ನವರಿಗೆ ಆಗುವುದಿಲ್ಲ, ತೂಗಲೂಬಾರದು. ಆದರೆ ಕ್ರಿಕೆಟ್ಟಿಗೆ ವಿನಾಯಿತಿ ಕೊಟ್ಟಿದ್ದರೆ ಅದು ಆಡಳಿತದವರ ತಪ್ಪೇ. ನಾನಿದ್ದ ಕಡೆಯೂ ಆಯುಧಪೂಜೆಯ ಫೋಟೊಗಳನ್ನು ನಾವು ತೆಗೆಸಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ದಾರಿಯೂ ಇದೆ. ಪ್ರತಿ ವರ್ಷ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, ಅದನ್ನು 1949ರಿಂದ ಆಚರಿಸುತ್ತಿದ್ದಾರೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಚಿಕ್ಕ ಧ್ವಜಗಳನ್ನು ಕೊಟ್ಟು, ಮಾಜಿ ಸೈನಿಕರು ಮತ್ತು ಹುತಾತ್ಮರ ಕುಟುಂಬಗಳಿಗಾಗಿ ಅಂದು ನಿಧಿ ಸಂಗ್ರಹಿಸುತ್ತಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಕಂಪನಿಯೇ ಇದನ್ನು ನಡೆಸಲಿ ಎಂದು ನೀವು ಅರ್ಜಿ ಕೊಡಬಹುದು. ಮಾಜಿ ಸೈನಿಕರ ಮತ್ತು ಯುದ್ಧ ವಿಧವೆಯರ ಹಿತಕ್ಕಾಗಿ ಮಾಡುವ ವೆಚ್ಚ 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿಯೂ ಇದೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಲೆಕ್ಕಕ್ಕೆ ಬರುತ್ತದೆ. ಡಬ್ಬಿಯಲ್ಲಿ ಯಾರು ಎಷ್ಟು ಹಾಕಿದರು ಎಂದು ಯಾರಿಗೂ ಕಾಣುವುದಿಲ್ಲ ಎಂಬುದೇ ಅದರ ಗುಣ.

ಹಳೇ ಹವಾಲ್ದಾರ, ಸಿಂಧನೂರು

ಸೇನೆಯಲ್ಲಿ ಹದಿನೇಳು ವರ್ಷ ನೌಕರಿ ಮಾಡಿ ಬಂದವನು ನಾನು. ಮೇಲಿನವರೆಲ್ಲ ಕಾನೂನು ಹೇಳಿದರು, ಆದರೆ ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ. ತಮ್ಮಾ, ಆ ಫೋಟೊದಲ್ಲಿ ಏನೇನು ಕಾಣುತ್ತದೆ? ತೋಳಿನ ಮೇಲಿನ ಗುರುತು, ಹಿಂದಿನ ಬೋರ್ಡು, ಗುಡ್ಡದ ಆಕಾರ, ಪಕ್ಕದಲ್ಲಿ ನಿಂತ ವಾಹನದ ನಂಬರು? ನಿಮ್ಮ ಗುಂಪಿನಲ್ಲಿ ಎಷ್ಟು ಜನರಿದ್ದಾರೆ, ಅದರಲ್ಲಿ ಗುತ್ತಿಗೆಯವರು ಎಷ್ಟು, ಕೆಲಸ ಬಿಟ್ಟು ಹೋದವರ ನಂಬರುಗಳನ್ನು ತೆಗೆದಿದ್ದಾರೆಯೇ?

ಸಂವಿಧಾನದ 33ನೇ ವಿಧಿ ಸೈನಿಕನ ಮೂಲಭೂತ ಹಕ್ಕುಗಳನ್ನೇ ಮಿತಗೊಳಿಸಲು ಸಂಸತ್ತಿಗೆ ಅವಕಾಶ ಕೊಟ್ಟಿದೆ, 1950ರ ಸೇನಾ ಕಾಯ್ದೆಯ 21ನೇ ಕಲಮಿನಲ್ಲಿ ಪತ್ರಿಕೆಯವರೊಂದಿಗೆ ಮಾತನಾಡುವುದಕ್ಕೂ ಕಟ್ಟು ಹಾಕುವ ಅಧಿಕಾರವಿದೆ. 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಸೇನೆ ತನ್ನವರಿಗೆ ಹೇಳಿತ್ತು. ನೀವು ಯಾರ ಹೆಸರಿನಲ್ಲಿ ಈ ನಿಯಮದ ವಿರುದ್ಧ ಜಗಳಕ್ಕೆ ನಿಂತಿದ್ದೀರೋ ಅವನು ನಿಮಗಿಂತ ಹತ್ತು ಪಟ್ಟು ಬಿಗಿಯಾದ ನಿಯಮದಲ್ಲಿ ಬದುಕುತ್ತಿದ್ದಾನೆ. ನಾನಿದ್ದಾಗ ಮನೆಗೆ ಬರೆದ ಪತ್ರದಲ್ಲಿ ಊರಿನ ಹೆಸರನ್ನೂ ಬರೆಯುತ್ತಿರಲಿಲ್ಲ. ಫೋಟೊವನ್ನು ಎಚ್‌ಆರ್‌ ಸಲುವಾಗಿ ಅಲ್ಲ, ತಮ್ಮನ ಸಲುವಾಗಿ ಇಂದೇ ತೆಗೆಯಿರಿ.

ಮೂರನೇ ಪಾಳಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರಗಳು. ಹಿರಿಯರ ಮಾತು ಓದಿದ ಮೇಲೆ ಫೋಟೊವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ಹಿಂದೆ ಒಂದು ಬೋರ್ಡು ಇತ್ತು, ಅರ್ಧ ಓದಲು ಬರುತ್ತಿತ್ತು. ಹದಿನೈದು ದಿನ ಗುಂಪಿನಲ್ಲಿದ್ದುದರಿಂದ ಎಲ್ಲರ ಫೋನಿನಿಂದ ಅಳಿಸುವ ಅವಕಾಶ ನನಗೆ ಉಳಿದಿರಲಿಲ್ಲ. ಅಡ್ಮಿನ್ ಅವರನ್ನು ಕೇಳಿ ತೆಗೆಸಿದೆ. ತಮ್ಮನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ, ‘ಅಣ್ಣಾ, ಅದು ಅವ್ವನಿಗೆ ಅಂತ ಕಳಿಸಿದ್ದೆ’ ಎಂದ.

ಸಹಿಯನ್ನು ತೆಗೆದಿದ್ದೇನೆ. ಸ್ಟಿಕ್ಕರ್ ಕಿತ್ತಾಗ ಅಂಟು ಹಾಗೆಯೇ ಉಳಿಯಿತು, ಸ್ಟೋರಿನಲ್ಲಿ ಬೇರೆ ಹೆಲ್ಮೆಟ್ ಕೊಟ್ಟರು. ಕ್ರಿಕೆಟ್ಟಿನ ಬಗ್ಗೆ ಬರಹದಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಆದರೆ ಮರುದಿನದಿಂದ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿದ್ದಾರೆ; ಈಗ ಅಲ್ಲಿ ಪಾಳಿಯ ಪಟ್ಟಿ ಮಾತ್ರ ಬರುತ್ತದೆ. ಇದಕ್ಕೆ ಕೆಲವರು ನನ್ನ ಮೇಲೆಯೇ ಸಿಟ್ಟಾಗಿದ್ದಾರೆ. ಹೊಸಪೇಟೆಯ ಅಕ್ಕನವರು ಹೇಳಿದಂತೆ ಧ್ವಜ ದಿನದ ಅರ್ಜಿಯನ್ನು ಹದಿನೆಂಟು ಜನರ ಸಹಿಯೊಂದಿಗೆ ಕೊಟ್ಟಿದ್ದೇನೆ. ಸಹಿ ಮಾಡದವರನ್ನು ಯಾಕೆ ಎಂದು ಕೇಳಲಿಲ್ಲ.