ಅಪ್‌ಡೇಟ್: ಬಯಾಸ್ ಅಪ್‌ಡೇಟ್ ನಂತರ ಬೂಟ್ ಆಗದ ಎಸ್‌ಎಸ್‌ಡಿ ಸರಿಹೋಯ್ತು, ಡೇಟಾ ಪೂರ್ತಿ ಉಳೀತು

ಎಲ್ಲರಿಗೂ ಶರಣು. ಬಯಾಸ್ (ಲ್ಯಾಪ್‌ಟಾಪ್ ಶುರುಮಾಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದಮೇಲೆ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಬಂದು ಲ್ಯಾಪ್‌ಟಾಪ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗ್ತಿದೆ, ರಾಯಚೂರಿನ ಅಂಗಡಿಯವರು ಎಸ್‌ಎಸ್‌ಡಿ (ಡೇಟಾ ಇಡುವ ಡ್ರೈವ್) ಹೋಗಿದೆ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೆ. ಎಸ್‌ಎಸ್‌ಡಿ ಚೆನ್ನಾಗೇ ಇದೆ.

ಬಯಾಸ್‌ನಲ್ಲಿ ಡ್ರೈವ್ ಹೆಸರು, 512 ಜಿಬಿ ಎರಡೂ ಸರಿಯಾಗಿ ಕಾಣ್ತಿದ್ದವು. ಹಾಗಿದ್ದಾಗ ಮೊದಲು ನೋಡಬೇಕಾದ್ದು ಸ್ಟೋರೇಜ್ ಮೋಡ್, ಅಂದರೆ ಡ್ರೈವ್ ಜೊತೆ ಲ್ಯಾಪ್‌ಟಾಪ್ ಮಾತಾಡುವ ವಿಧಾನ. ವಿಂಡೋಸ್ ಹಾಕಿದ್ದು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ನಲ್ಲಿ; ಅಪ್‌ಡೇಟ್ ಸೆಟ್ಟಿಂಗ್ ಎಲ್ಲ ಡಿಫಾಲ್ಟ್‌ಗೆ ತಂದು ಇಂಟೆಲ್ ವಿಎಂಡಿ ಎಂಬ ಇನ್ನೊಂದು ಮೋಡ್ ಆನ್ ಮಾಡಿತ್ತು. ಬೂಟ್ ಹೊತ್ತಿಗೆ ವಿಎಂಡಿ ಡ್ರೈವರ್ ಇಲ್ಲದೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗಲ್ಲ. ಎಫ್2 ಒತ್ತಿ ಒಳಹೋಗಿ, ವಿಎಂಡಿ ಡಿಸೇಬಲ್ ಮಾಡಿ, ಎಫ್10ರಿಂದ ಸೇವ್ ಮಾಡಿದ ಕೂಡಲೇ ಬೂಟ್ ಆಯ್ತು.

ಆಮೇಲೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳ್ತು. ಫರ್ಮ್‌ವೇರ್ (ಇಲ್ಲಿ ಬಯಾಸ್) ಬದಲಾದಾಗ, ಬೀಗದ ಕೀ ಕಾಯುವ ಟಿಪಿಎಂ ಚಿಪ್ ಅದನ್ನು ಬಿಟ್ಟುಕೊಡಲ್ಲ, ಅದು ಸಹಜ. ರಿಕವರಿ ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲೇ ಇತ್ತು. ಅಪ್‌ಡೇಟ್‌ಗೆ ಮುಂಚೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿದರೆ ಈ ಗೊಡವೆಯೇ ಇರಲ್ಲ.

ಕಂಪನಿಯಿಂದಲೇ ವಿಎಂಡಿ ಆನ್ ಇದ್ದು ಬಂದ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಆಫ್ ಮಾಡಬೇಡಿ, ಇದೇ ನೀಲಿ ಪರದೆ ಬರುತ್ತೆ. ಬದಲಿಸಲೇಬೇಕಿದ್ದರೆ ವಿಂಡೋಸ್‌ನ ಬೂಟ್ ಸೆಟ್ಟಿಂಗ್ ಇರುವ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ಬಯಾಸ್‌ನಲ್ಲಿ ಮೋಡ್ ಬದಲಿಸಿ, ಸೇಫ್ ಮೋಡ್‌ಗೆ ಒಮ್ಮೆ ಹೋಗಿ, ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ವಿಂಡೋಸ್ ಸೆಟಪ್‌ನಲ್ಲಿ ಡ್ರೈವ್ ಕಾಣದಿದ್ದರೂ ಸತ್ತಿದೆ ಅಂದುಕೊಳ್ಳಬೇಡಿ. ಪೆನ್‌ಡ್ರೈವ್‌ನಿಂದ ವಿಎಂಡಿಗೆ ಬೇಕಾದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಲೋಡ್ ಮಾಡಿ ನೋಡಿ.

ನಮ್ಮ ಕಡೆ ಕರೆಂಟ್ ಹೋಗೋದು ಬರೋದು ಇದ್ದದ್ದೇ. ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಕೊಂಡೇ ಬಯಾಸ್ ಅಪ್‌ಡೇಟ್ ಶುರು ಮಾಡಿ.