ಬೇರೆ ವಿವಿ ಗ್ರಂಥಾಲಯಗಳ ಜೊತೆ ಹೋಲಿಕೆ: ಅಂಕಿಅಂಶ ಎಲ್ಲಿಂದ ತರೋದು?

ಓದುಮನೆ_ರಾಯಚೂರು:
ನಮ್ಮ ವಿವಿ ಗ್ರಂಥಾಲಯ ಸಮಿತಿಗೆ ಬಳ್ಳಾರಿ, ಕಲಬುರಗಿ ವಿವಿಗಳ ಜೊತೆ ಹೋಲಿಕೆ ವರದಿ ಬೇಕಂತೆ. ಪುಸ್ತಕಗಳ ಒಟ್ಟು ಸಂಖ್ಯೆ ಬಿಟ್ಟು ಇನ್ನೇನು ಹೋಲಿಸಬೇಕು? ನಮ್ಮಲ್ಲಿ ಕೋಹಾ (ಗ್ರಂಥಾಲಯ ನಿರ್ವಹಣೆಯ ಸಾಫ್ಟ್‌ವೇರ್) ಇದೆ.

ಕಪಾಟು_ಬಳ್ಳಾರಿ:
ಒಟ್ಟು ಸಂಖ್ಯೆಯಲ್ಲಿ ಹಳೇ ವಿವಿಯೇ ಗೆಲ್ಲೋದು, ಅದನ್ನ ಕೈಬಿಡಿ. ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ವಿವಿ ಶ್ರೇಯಾಂಕಕ್ಕೆ) ಸಲ್ಲಿಸಿದ ಪಿಡಿಎಫ್ ಆಯಾ ವಿವಿ ವೆಬ್‌ಸೈಟಿನಲ್ಲಿ ಇರುತ್ತೆ. ಅದರಲ್ಲಿ ಮೂರು ವರ್ಷದ ಗ್ರಂಥಾಲಯ ವೆಚ್ಚವೂ ಇದೆ, ವಿದ್ಯಾರ್ಥಿಗಳ ಸಂಖ್ಯೆಯೂ ಇದೆ. ಭಾಗಿಸಿ, ತಲಾ ವೆಚ್ಚ ತೆಗೆಯಿರಿ. ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಟ್ಟ ವರದಿಯಲ್ಲಿ 4.2 (ಗ್ರಂಥಾಲಯದ ಭಾಗ) ನೋಡಿ. ಅಲ್ಲೂ ಸಿಗದಿದ್ದರೆ ಆರ್‌ಟಿಐ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ.

ಒಂದು ಎಚ್ಚರಿಕೆ. 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆ. ಸರ್ಕಾರಿ ವಿವಿಗಳ ಎಷ್ಟೋ ಜರ್ನಲ್‌ಗಳಿಗೆ ಈಗ ಕೇಂದ್ರವೇ ದುಡ್ಡು ಕಟ್ಟುತ್ತೆ. ಹಾಗಾಗಿ ವೆಚ್ಚ ಇಳಿದರೂ ಓದಲು ಸಿಗೋದು ಹೆಚ್ಚಿರಬಹುದು. 2025ರ ಹಿಂದಿನ, ಮುಂದಿನ ಲೆಕ್ಕ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ಮೌನವಾಚಕ_ಕೊಪ್ಪಳ:
ಖರೇ ಪೈಪೋಟಿ ಬ್ಯಾರೆ ವಿವಿ ಜೊತೆ ಅಲ್ರೀ. ಊರಾಗಿನ ಖಾಸಗಿ ರೀಡಿಂಗ್ ರೂಮು, ಟೆಲಿಗ್ರಾಂ ಪಿಡಿಎಫ್, ಝೆರಾಕ್ಸ್ ಅಂಗಡಿ, ಇವ್ರ ಜೊತೆ. ರೀಡಿಂಗ್ ರೂಮಿನ ವೇಳೆ, ತಿಂಗಳ ಫೀ, ವೈಫೈ, ಚಾರ್ಜಿಂಗ್ ಪಾಯಿಂಟು ಎಲ್ಲಾ ಹೊರಗಿನ ಬೋರ್ಡಿನಾಗೇ ಇರ್ತಾವ. ವಿದ್ಯಾರ್ಥಿ ಅಂತ ಸುಳ್ಳು ಹೇಳಿ ಒಳಗ ಹೋಗೋದು ಬ್ಯಾಡ. ನಿಮ್ಮ ಗೇಟ್ ರಿಜಿಸ್ಟರನ್ನ ತಾಸುವಾರು ಎಣಿಸ್ರಿ. ಮುಚ್ಚೋ ಹೊತ್ತಿಗೂ ಕುರ್ಚಿ ತುಂಬಿದ್ರ ವೇಳೆ ಹೆಚ್ಚಿಸಾಕ ಅದೇ ಪುರಾವೆ.

ಜರ್ನಲ್‌ಗೆ ಪ್ರಕಾಶಕರ ಕಡೆಯಿಂದ ಕೌಂಟರ್ (ಆನ್‌ಲೈನ್ ಬಳಕೆ ಎಣಿಸೋ ಮಾನದಂಡ) ವರದಿ ‘ಟಿಆರ್_ಜೆ2’ ತರಿಸ್ರಿ. ಓದಾಕ ಹೋಗಿ ಪ್ರವೇಶ ಸಿಗದೇ ಎಷ್ಟು ಸಲ ವಾಪಸ್ ಬಂದಾರ ಅನ್ನೋ ಲೆಕ್ಕ ಅದ್ರಾಗ ಐತಿ. ಪುಸ್ತಕಕ್ಕ ಕೋಹಾದ ಸರ್ಚ್ ಹಿಸ್ಟರಿ ಟೇಬಲ್‌ನಾಗ ‘ಟೋಟಲ್’ ಸೊನ್ನೆ ಇರೋ, ಅಂದ್ರ ಹುಡುಕಿದ್ರೂ ಏನೂ ಸಿಗದ, ಸಾಲುಗಳ ಪಟ್ಟಿ ಮಾಡ್ರಿ.

ಓದುಮನೆ_ರಾಯಚೂರು:
ಆ ಟೇಬಲ್‌ನಲ್ಲಿ ನಾಲ್ಕೈದು ಸಾಲು ಮಾತ್ರ ಬರ್ತಿವೆ, ಸರ್.

ಕಪಾಟು_ಬಳ್ಳಾರಿ:
‘ಎನೇಬಲ್ ಓಪ್ಯಾಕ್ ಸರ್ಚ್ ಹಿಸ್ಟರಿ’ ಆನ್ ಇದೆಯಾ ನೋಡಿ (ಓಪ್ಯಾಕ್ ಅಂದ್ರೆ ಓದುಗರು ಹುಡುಕುವ ಆನ್‌ಲೈನ್ ಕ್ಯಾಟಲಾಗ್). ಇದ್ದರೂ ಲಾಗಿನ್ ಆಗಿ ಹುಡುಕಿದ್ದಷ್ಟೇ ಅಲ್ಲಿ ಉಳಿಯೋದು. ಕ್ಲೀನಪ್ ಸ್ಕ್ರಿಪ್ಟ್ ಹಳೇ ಸಾಲು ಅಳಿಸುತ್ತಿರಬಹುದು, ಕ್ರಾನ್‌ನಲ್ಲಿ (ಸರ್ವರ್ ತಾನೇ ನಡೆಸುವ ಕೆಲಸಗಳ ಪಟ್ಟಿ) ಸಾಲು ಉಳಿಸುವ ದಿನ ಹೆಚ್ಚಿಸಿ. ಲಾಗಿನ್ ಆಗದವರಿಗೆ ಪುಸ್ತಕ ಕೊಡುವ ಕೌಂಟರಿನಲ್ಲಿ ‘ಸಿಗದ ಪುಸ್ತಕ’ ನೋಟ್‌ಬುಕ್ ಇಡಿ, ಅಷ್ಟು ಸಾಕು.

ಸೊನ್ನೆ ಬಂದದ್ದನ್ನೆಲ್ಲ ಖರೀದಿ ಪಟ್ಟಿಗೆ ಸೇರಿಸುವ ಮೊದಲು ಕಪಾಟಿನಲ್ಲಿ ಹುಡುಕಿ. ಕನ್ನಡ ಪುಸ್ತಕದ ಹೆಸರು ಇಂಗ್ಲಿಷ್ ಅಕ್ಷರದಲ್ಲೋ, ಹಳೇ ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರದಲ್ಲೋ ತುಂಬಿದ್ದರೆ ಯೂನಿಕೋಡ್‌ನಲ್ಲಿ (ಈಗಿನ ಮೊಬೈಲ್, ಕಂಪ್ಯೂಟರಿನ ಕನ್ನಡ) ಟೈಪ್ ಮಾಡಿದವರಿಗೆ ಸಿಗೋದಿಲ್ಲ. ಆಸ್ಕಿ ದಾಖಲೆಗಳನ್ನ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿ. ಇಂಗ್ಲಿಷ್ ಅಕ್ಷರದವಕ್ಕೆ ಮಾರ್ಕ್ (ಕ್ಯಾಟಲಾಗ್ ದಾಖಲೆಯ ನಮೂನೆ) 880ನೇ ಫೀಲ್ಡಿನಲ್ಲಿ ಕನ್ನಡ ಹೆಸರು ಸೇರಿಸಿ, ಕೋಹಾದ ಹುಡುಕಾಟದ ಇಂಡೆಕ್ಸ್ ಮರುರಚಿಸಿ, ಆಮೇಲೆ ಅದೇ ಪದ ಹಾಕಿ ಹುಡುಕಿ.